ಲ್ಯಾಟಿನ್ ಸಂಗೀತಕ್ಕೂ ಕಮಿಟ್ ಹಿಸ್ಟರಿ ಇದೆ

2017ರಲ್ಲಿ ‘ಡೆಸ್ಪಾಸಿಟೊ’ ಬಂದಾಗ ಸ್ಪ್ಯಾನಿಷ್‌ನ ಒಂದಕ್ಷರ ಗೊತ್ತಿಲ್ಲದವರೂ ತಲೆಯಾಡಿಸಿದರು. ಇವತ್ತಿಗೂ ಫೆಸ್ಟ್‌ನಲ್ಲಿ ಸಾಲ್ಸಾನೋ ರೆಗ್ಗೆಟಾನೋ ಶುರುವಾದ್ರೆ, ‘ಲ್ಯಾಟಿನ್ ಅಂದ್ರೆ ಸಖತ್ ಫ್ಯೂಷನ್ ಗುರು’ ಅಂದುಬಿಡ್ತೀವಿ. ಸ್ಪೇನ್ ಸ್ವಲ್ಪ, ಆಫ್ರಿಕಾ ಸ್ವಲ್ಪ, ಮೂಲನಿವಾಸಿಗಳದ್ದು ಸ್ವಲ್ಪ; ಮಿಕ್ಸಿಗೆ ಹಾಕಿ ತಿರುಗಿಸಿದ್ರೆ ರೆಡಿ! ನನ್ನ ತಕರಾರು ಇರೋದು ಈ ಮಾತಿನ ಬಗ್ಗೆ.

ಸಾಲ್ಸಾದ ಬೇರು ಕ್ಯೂಬಾದ ‘ಸೋನ್’ ಸಂಗೀತದಲ್ಲಿದೆ. ಸ್ಪೇನಿನಿಂದ ಬಂದ ಗಿಟಾರ್ ಅಲ್ಲಿ ಮೂರು ಜೋಡಿ ತಂತಿಗಳ ‘ತ್ರೆಸ್’ ಆಯಿತು. ಪಕ್ಕದಲ್ಲಿ ಆಫ್ರಿಕನ್ ಮೂಲದವರ ಬೊಂಗೊ. ಎಲ್ಲವನ್ನೂ ಹಿಡಿದಿಡೋದು ‘ಕ್ಲಾವೆ’ ಎಂಬ ಐದು ಏಟಿನ ಲಯ. ನಮ್ಮ ಭಾಷೆಯಲ್ಲೇ ಬರೆದರೆ 1001001000101000. ಒಂದು ಬಂದಾಗ ಏಟು, ಸೊನ್ನೆ ಬಂದಾಗ ಸುಮ್ಮನೆ. ಡೆಸ್ಕ್ ಮೇಲೆ ತಟ್ಟಿ ನೋಡಿ, ಕಾಲು ತಾನಾಗೇ ಆಡುತ್ತೆ.

ಆದರೆ ಇವರೆಲ್ಲ ಜ್ಯಾಮಿಂಗ್ ಮಾಡೋಣ ಅಂತ ಒಂದೆಡೆ ಸೇರಿದವರಲ್ಲ. ಆಫ್ರಿಕನ್ನರನ್ನು ಸರಪಳಿ ಹಾಕಿ ಹಡಗಿನಲ್ಲಿ ತಂದು ಕಬ್ಬಿನ ತೋಟಗಳಲ್ಲಿ ದುಡಿಸಿದರು. ಕ್ಯೂಬಾದಲ್ಲಿ ಗುಲಾಮಗಿರಿ ಮುಗಿದದ್ದು 1886ರಲ್ಲಿ. ಬರಿಗೈಯಲ್ಲಿ ಬಂದವರ ಹತ್ತಿರ ಉಳಿದಿದ್ದು ನೆನಪಿನಲ್ಲಿದ್ದ ಲಯ ಮಾತ್ರ. ಪೆರುವಿನಲ್ಲಿ ಅಂಥವರೇ ಮರದ ಪೆಟ್ಟಿಗೆಯ ಮೇಲೆ ಕೂತು ಬಾರಿಸಿದರು. ಅದೇ ‘ಕಹೋನ್’. ಕಾಲೇಜು ಬ್ಯಾಂಡುಗಳಲ್ಲಿ ಡ್ರಮ್ ಸೆಟ್ ಬದಲು ಕೂತು ಬಾರಿಸ್ತಾರಲ್ಲ, ಅದೇ ಪೆಟ್ಟಿಗೆ. 1970ರ ದಶಕದಲ್ಲಿ ಪಾಕೊ ದೆ ಲೂಸಿಯಾ ಅದನ್ನು ಪೆರುವಿನಿಂದ ಸ್ಪೇನಿಗೆ ಒಯ್ದರು. ಈಗ ಎಷ್ಟೋ ಜನ ಅದನ್ನು ಫ್ಲಾಮೆಂಕೊದ ವಾದ್ಯ ಅಂತಲೇ ತಿಳ್ಕೊಂಡಿದ್ದಾರೆ. 2001ರಲ್ಲಿ ಪೆರು ಅದನ್ನು ತನ್ನ ರಾಷ್ಟ್ರೀಯ ಪರಂಪರೆ ಎಂದು ಘೋಷಿಸಿತು.

ರೆಗ್ಗೆಟಾನ್ ಕಥೆಯೂ ಇಂಥದ್ದೇ. ಅದರ ‘ಡೆಂಬೊ’ ಬೀಟ್‌ಗೆ ಹೆಸರು ಸಿಕ್ಕಿದ್ದು ಜಮೈಕಾದ ಶಬ್ಬಾ ರ‍್ಯಾಂಕ್ಸ್ ಹಾಡಿನಿಂದ. ಪನಾಮಾದ ಗಾಯಕರು ಇಂಥ ಹಾಡುಗಳನ್ನು ಸ್ಪ್ಯಾನಿಷ್‌ಗೆ ತಂದರು, ಪೋರ್ಟೊ ರಿಕೊದ ಬಡ ಬಡಾವಣೆಗಳ ಹುಡುಗರು ಅದನ್ನು ತಮ್ಮದಾಗಿಸಿಕೊಂಡರು. 1995ರಲ್ಲಿ ಅಲ್ಲಿನ ಪೊಲೀಸರು ಅಶ್ಲೀಲ ಅಂತ ಹೇಳಿ ಅಂಗಡಿಗಳಿಂದ ಆ ಕ್ಯಾಸೆಟ್‌ಗಳನ್ನು ಹೊತ್ತೊಯ್ದರು. ಇಪ್ಪತ್ತೆರಡು ವರ್ಷದ ನಂತರ ಅದೇ ಬೀಟಿಗೆ ಪೋರ್ಟೊ ರಿಕೊದ ಕ್ವಾತ್ರೊ ತಂತಿವಾದ್ಯ ಸೇರಿ ‘ಡೆಸ್ಪಾಸಿಟೊ’ ಆಯಿತು, ಜಗತ್ತೆಲ್ಲ ಕುಣಿಯಿತು.

‘ಕುಣಿಯೋ ಹೊತ್ತಲ್ಲಿ ಹಿಸ್ಟರಿ ಕ್ಲಾಸ್ ಯಾಕೆ?’ ಅಂತ ಕೇಳಬಹುದು. ಕುಣೀರಿ, ಬೇಡ ಅಂದವರ‍್ಯಾರು? ಸಂಗೀತ ಶುದ್ಧವಾಗಿರಬೇಕು ಅನ್ನೋರ ಪರ ಖಂಡಿತ ನಾನಿಲ್ಲ. ಬೆರೆಯದೇ ಇದ್ದಿದ್ರೆ ಸೋನ್ ಹುಟ್ತಾನೇ ಇರಲಿಲ್ಲ. ಆದರೆ ಫ್ಯೂಷನ್ ಅನ್ನೋ ಒಂದು ಪದ ಕೊಟ್ಟವರ, ಕಿತ್ತುಕೊಂಡವರ, ಕಷ್ಟಪಟ್ಟು ಉಳಿಸಿಕೊಂಡವರ ಲೆಕ್ಕವನ್ನೆಲ್ಲ ಒಂದೇ ಸಲಕ್ಕೆ ಒರೆಸಿಹಾಕುತ್ತೆ. ಕೋಡ್ ಚೆನ್ನಾಗಿ ಓಡ್ತಿದೆ ಅಂತ ಕಮಿಟ್ ಹಿಸ್ಟರಿ ಅಳಿಸಿಬಿಡ್ತೀವಾ?

ಮುಂದಿನ ಫೆಸ್ಟ್‌ನಲ್ಲಿ ಲ್ಯಾಟಿನ್ ಐಟಂ ಇದ್ದರೆ, ಮೈಕ್ ಹಿಡಿದವರು ‘ನೆಕ್ಸ್ಟ್, ಫ್ಯೂಷನ್’ ಅನ್ನೋ ಬದಲು ಎರಡು ವಾಕ್ಯ ಹೇಳಲಿ: ಈ ತಾಳ ಯಾರದು, ಇಲ್ಲಿಗೆ ಹೇಗೆ ಬಂತು. ಅರ್ಧ ನಿಮಿಷದ ಕೆಲಸ.