ಸೌಟು ಹಿಡಿದವರಿಗೂ ಪಂಕ್ತಿಯಲ್ಲಿ ಪಾಲಿರಲಿ

ಸರ್ಕಾರಿ ಶಾಲೆಯ ಬಿಸಿಯೂಟದಲ್ಲಿ ಎಷ್ಟು ಗ್ರಾಂ ಅಕ್ಕಿ, ಎಷ್ಟು ಬೇಳೆ ಎಂಬುದನ್ನು ಸುತ್ತೋಲೆ ಹೇಳುತ್ತದೆ. ಆ ಅನ್ನ ಮಗುವಿನ ತಟ್ಟೆಗೆ ಹೇಗೆ ಬೀಳಬೇಕೆಂಬುದು ಬಹುಮಟ್ಟಿಗೆ ಸೌಟು ಹಿಡಿದ ಹೆಂಗಸಿಗೆ ಬಿಟ್ಟದ್ದು. ಮೊಟ್ಟೆ ತಿನ್ನದ ಮಗುವನ್ನು ಬೇರೆ ಸಾಲಿಗೆ ಎಬ್ಬಿಸದೆ ಅಲ್ಲೇ ಬಾಳೆಹಣ್ಣು ಕೊಡುವುದು, ಕೈ ನಡುಗುವ ಮಗುವಿಗೆ ಅನ್ನ ಕಲಸಿಕೊಡುವುದು, ಇನ್ನಷ್ಟು ಕೇಳಲು ನಾಚುವ ಹುಡುಗನ ತಟ್ಟೆಯನ್ನು ತಾನೇ ಗಮನಿಸುವುದು. ಎಲ್ಲರನ್ನೂ ಒಳಗೊಳ್ಳುವ ಶಾಲೆ ಎಂಬ ಮಾತು ನಿಜವಾಗುವುದು ಇಲ್ಲಿ.

ಆಕೆಯ ಮೇಲೆ ಇನ್ನೂ ದೊಡ್ಡ ಹೊರೆಯಿದೆ. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು 2001ರಲ್ಲಿ ಆದೇಶಿಸಿದ ಸುಪ್ರೀಂ ಕೋರ್ಟ್, 2004ರಲ್ಲಿ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಇರಬೇಕೆಂದಿತು. ಪಂಕ್ತಿಭೇದ ಹೋಗಬೇಕಾದರೆ ಮಕ್ಕಳು ಒಟ್ಟಿಗೆ ಕೂತರೆ ಸಾಲದು, ಯಾರ ಕೈಯಡುಗೆಯನ್ನಾದರೂ ಉಣ್ಣುವಂತಾಗಬೇಕು. ಆದರೂ ದಲಿತ ಮಹಿಳೆ ಬೇಯಿಸಿದಳೆಂದು ಮಕ್ಕಳನ್ನು ಊಟಕ್ಕೆ ಬಿಡದ ಪೋಷಕರ ಸುದ್ದಿ ಕರ್ನಾಟಕ, ತಮಿಳುನಾಡು, ಉತ್ತರಾಖಂಡಗಳಿಂದ ಬಂದಿದೆ. ಅಂಥ ಹೊತ್ತಿನಲ್ಲಿ 'ಸ್ವಲ್ಪ ದಿನ ಬೇರೆಯವರು ಬಡಿಸಲಿ' ಎಂದು ರಾಜಿಯಾದರೆ, ಪಂಕ್ತಿಭೇದದ ಪಾಠವನ್ನು ಶಾಲೆಯೇ ಹೇಳಿಕೊಟ್ಟಂತೆ.

ಇಷ್ಟೆಲ್ಲ ಹೊರುವವಳಿಗೆ ಸಿಗುವುದು ಸಂಬಳವಲ್ಲ, 'ಗೌರವಧನ'. ಕೇಂದ್ರ 2009ರಲ್ಲಿ ನಿಗದಿ ಮಾಡಿದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು ಮಾತ್ರ. ದಶಕ ಕಳೆದರೂ ಆ ಮೊತ್ತ ಅಲ್ಲೇ ಉಳಿದಿತ್ತು. ಕರ್ನಾಟಕ ತನ್ನ ಪಾಲು ಸೇರಿಸಿ ಹೆಚ್ಚು ಕೊಡುತ್ತದೆ, ಹೆಸರು ಮಾತ್ರ ಗೌರವಧನವೇ. ಆ ಹೆಸರಿನ ನೆರಳಲ್ಲಿ ಆಕೆ ನೌಕರಿಯವಳಲ್ಲ, ಕನಿಷ್ಠ ವೇತನವೂ ಅನ್ವಯಿಸದು ಎಂಬ ವಾದ ನಡೆಯುತ್ತದೆ. 2020ರಲ್ಲಿ ಅಲಹಾಬಾದ್ ಹೈಕೋರ್ಟ್ ಇಂಥ ದುಡಿಮೆಯನ್ನು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆ ಎಂದಿತ್ತು. ನಾಲ್ಕು ತಾಸಿನ ಕೆಲಸಕ್ಕೆ ಇನ್ನೆಷ್ಟು ಕೊಡಬೇಕು ಎನ್ನುವವರು, ಬೇಳೆ ಆರಿಸುವುದರಿಂದ ಹಿಡಿದು ಹಂಡೆ ತಿಕ್ಕಿ ಕವುಚಿಡುವವರೆಗಿನ ಹೊತ್ತನ್ನು ಒಮ್ಮೆ ಎಣಿಸಿ ನೋಡಬೇಕು.

ಕರ್ನಾಟಕ 2002ರಲ್ಲಿ ಈ ಯೋಜನೆ ಶುರುಮಾಡಿದಾಗ 'ಅಕ್ಷರ ದಾಸೋಹ' ಎಂದು ಹೆಸರಿಟ್ಟಿತು. ಶರಣರಲ್ಲಿ ದಾಸೋಹ ಕಾಯಕದ ಜೊತೆಗೇ ಇತ್ತು, ಕಾಯಕದಲ್ಲಿ ಮೇಲುಕೀಳು ಇರಲಿಲ್ಲ. ಹೆಸರನ್ನು ಅಲ್ಲಿಂದ ತಂದವರು ಆ ಲೆಕ್ಕವನ್ನೂ ತರಬೇಕು: ಬಿಸಿಯೂಟದವರಿಗೆ ಹನ್ನೆರಡು ತಿಂಗಳ ಸಂಬಳ, ವಿಶೇಷ ಅಗತ್ಯದ ಮಕ್ಕಳಿಗೆ ಉಣಿಸುವ ತರಬೇತಿ, ಶಾಲೆಯ ಸಭೆಯಲ್ಲಿ ಒಂದು ಕುರ್ಚಿ. ಊರಿನವರು ಊಟ ಬೇಡವೆಂದ ದಿನ ಮುಖ್ಯೋಪಾಧ್ಯಾಯರು ಮೊದಲು ತಟ್ಟೆ ಹಿಡಿದು ಆಕೆಯ ಮುಂದೆ ನಿಲ್ಲಬೇಕು.