ದುಡ್ಡಿನ ಮಾತು, ಭಾಗ 6: ಸೇವಾ ಮಾಡಿ ಪಗಾರ ತಗೊಂಡ್ರ ತಪ್ಪೇನು?

ಮಠದಾಗ ಇದ್ದು ಸೇವಾ ಮಾಡಿದ್ರ ಪುಣ್ಯ. ಅದೇ ಸ್ವಾಮಿ, ಅದೇ ಫಾದರ್ ಹೊರಗ ಬಂದು ಟ್ರಸ್ಟ್ ನಡೆಸಿ ತಿಂಗಳಾ ಪಗಾರ ತಗೊಂಡ್ರ "ದಂಧಾ ಚಾಲೂ ಮಾಡ್ಯಾನ" ಅಂತೀರಿ. ಯಾಕ್ರಿ?

ಇದು ನಮ್ಮ ಜಿಲ್ಲಾಕ್ಕ ಹೊಸದಲ್ಲ. ಶರಣಬಸವೇಶ್ವರರು (1746–1822) ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡ್ಕೋತ ದಾಸೋಹ ನಡೆಸಿದವರು. ಅವರ ಹೆಸರಿನ ಸಂಸ್ಥಾನದ 7ನೇ ಪೀಠಾಧಿಪತಿ ದೊಡ್ಡಪ್ಪ ಅಪ್ಪ 1934ರಲ್ಲಿ ಹೆಣ್ಮಕ್ಕಳ ಶಾಲೆ ತೆರೆದರು. 8ನೇ ಪೀಠಾಧಿಪತಿ ಶರಣಬಸಪ್ಪ ಅಪ್ಪ 1983ರಲ್ಲಿ ಪೀಠ ಏರಿದರು. ಅವರ ಕಾಲಕ್ಕ ಕಾಲೇಜುಗಳು ಬೆಳೆದವು, 2017ರಲ್ಲಿ ವಿಶ್ವವಿದ್ಯಾಲಯನೂ ಶುರು ಆಯ್ತು. ಆ ಕಡೆ ಬಂದೇನವಾಜ್ ದರ್ಗಾದ ಸಜ್ಜಾದಾ ನಶೀನರಾಗಿದ್ದ ಸೈಯದ್ ಶಾ ಖುಸ್ರೋ ಹುಸೇನಿಯವರು ಖಾಜಾ ಎಜುಕೇಶನ್ ಸೊಸೈಟಿನೂ ನಡೆಸಿದರು.

ಈಗ ವಿಚಾರ ಮಾಡ್ರಿ. ಇವರ ದಿನದಾಗ ಪೂಜೆ, ಪ್ರಾರ್ಥನೆ ಎಷ್ಟು ಹೊತ್ತು? ನೇಮಕಾತಿ, ಪಗಾರ, ಅಡ್ಮಿಷನ್, ಕಟ್ಟಡ, ಕೋರ್ಟು ಎಷ್ಟು ಹೊತ್ತು?

ಇವು ಎರಡು ಬೇರೆ ಕೆಲಸ. ಒಬ್ಬರೇ ಎರಡೂ ಮಾಡಬಹುದು, ಆದ್ರ ಎರಡು ಅಂತ ಗೊತ್ತಿರಬೇಕು. 2025ರ ಆಗಸ್ಟ್‌ನಲ್ಲಿ ಶರಣಬಸಪ್ಪ ಅಪ್ಪ ಲಿಂಗೈಕ್ಯರಾದಾಗ ಪೀಠ ಸಣ್ಣ ವಯಸ್ಸಿನ ಮಗನಿಗೆ ಬಂತು. ವಿದ್ಯಾವರ್ಧಕ ಸಂಘದ ಅಧ್ಯಕ್ಷತೆ ಮಾತ್ರ ದಾಕ್ಷಾಯಣಿ ಅವ್ವನವರ ಕೈಯಾಗ ಇತ್ತು. ಪೀಠ ಹುಡುಗ ದೊಡ್ಡವನಾಗೋತನಕ ಕಾಯ್ತದ, ಲೆಕ್ಚರರ್ ಪಗಾರ ಕಾಯಂಗಿಲ್ಲ.

ಕಾನೂನೂ ಎರಡನ್ನೂ ಬೇರೆ ಮಾಡ್ಯದ. ಹುಂಡಿಯಾಗ ಹೆಸರು ಹೇಳ್ದೆ ರೊಕ್ಕ ಹಾಕ್ತೀರಿ. ಪೂರ್ತಿ ಧಾರ್ಮಿಕ ಟ್ರಸ್ಟ್ ಆಗಿದ್ರ ಇಂಥಾ ಅನಾಮಧೇಯ ದಾನದ ಮ್ಯಾಲಿನ ವಿಶೇಷ ತೆರಿಗೆ ಇಲ್ಲ. ಆದ್ರ ಶಾಲೆ, ಆಸ್ಪತ್ರೆ ನಡೆಸೋ ದಾನಸಂಸ್ಥೆಗೆ ಹಂಗಲ್ಲ. ಹೆಸರಿಲ್ಲದ ದಾನ ವರ್ಷದ ಒಟ್ಟು ದಾನದ 5% ಅಥವಾ 1 ಲಕ್ಷ, ಇದರಾಗ ಯಾವುದು ಹೆಚ್ಚೋ ಅದನ್ನ ದಾಟಿದ್ರ, ದಾಟಿದ ಭಾಗಕ್ಕ 30% ತೆರಿಗೆ. ಅಂದ್ರ ಹುಂಡಿಗೆ ಭಕ್ತಿ ಸಾಕು, ದಾನಸಂಸ್ಥೆಗೆ ರಸೀದಿನೂ ಬೇಕು.

ಹಂಗಾದ್ರ ಮಠದಿಂದ ಬಂದವರು ಈ ಕೆಲಸಕ್ಕ ಆಗಲ್ಲ ಅಂತೇನು? ಉಲ್ಟಾ. ಸಾವಾದ ಮನಿಗೆ ಹೋಗಿ ಕೂಡೋದು, ಬಡವರ ಮಾತು ಪೂರ್ತಿ ಕೇಳೋದು, ನಾಚಿಕಿ ಇಲ್ಲದ ಇನ್ನೊಬ್ಬರ ಸಲುವಾಗಿ ಕೈ ಚಾಚೋದು, ಇವನ್ನ ಯಾವ ಎಂಬಿಎ ಕಲಿಸ್ತದ? ಆದ್ರ ಒಂದು ಚಟ ಅವರು ಬಿಟ್ಟು ಬರಬೇಕು. ಮಠದಾಗ ಅಪ್ಪಾರ ಮಾತಿಗೆ ಎದುರು ಇರಲ್ಲ. ಟ್ರಸ್ಟ್ ಮೀಟಿಂಗ್‌ನಾಗ ಎದುರು ಮಾತಾಡೋ ಒಬ್ಬರಾದ್ರೂ ಇರಲೇಬೇಕು. ಕಾಲು ಮುಟ್ಟಿದ ಮ್ಯಾಲ "ಸ್ವಾಮೀಜಿ, ಈ ವೋಚರ್ ಎಲ್ಲಿ?" ಅಂತ ಕೇಳೋಕೆ ಆಡಿಟರ್‌ಗೆ ಬಾಯಿ ಬರ್ತದೇನು?

ಪಗಾರದ ವಿಷಯಕ್ಕ ಬರೋಣ. "ಒಂದು ಪೈಸಾ ಮುಟ್ಟಲ್ಲ" ಅಂತ ಹೇಳಿ ಕಾರು, ಡ್ರೈವರ್, ಫೋನ್ ಬಿಲ್ ಎಲ್ಲಾ ಸಂಸ್ಥೆ ಲೆಕ್ಕಕ್ಕ ಬರೆಯೋದಕ್ಕಿಂತ, ಇಷ್ಟೇ ಪಗಾರ ಅಂತ ಎಲ್ಲರ ಮುಂದ ಬರೆದು ತಗೊಳ್ಳೋದು ಸಾವಿರ ಪಾಲು ಸ್ವಚ್ಛ. ನಮ್ಮ ಶರಣರು ಕಾಯಕನೂ ಹೇಳ್ಯಾರ, ದಾಸೋಹನೂ ಹೇಳ್ಯಾರ. ದುಡಿದವನ ಹೊಟ್ಟಿ ಕಟ್ಟಿ ಸೇವಾ ಮಾಡ್ಸು ಅಂತ ಯಾರೂ ಹೇಳಿಲ್ಲ.

ಬಿಕಾಂ ದೋಸ್ತರಿಗೆ ಒಂದು ಮಾತು. ಪಿಯುಸಿಯಾಗ ಲಾಭರಹಿತ ಸಂಸ್ಥೆಗಳ ಲೆಕ್ಕ ಓದಿ ಮರೆತೀವಲ್ಲ, ಅದೇ ಇದು. ಸೇಡಂ, ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿ ನೋಡೀರಿ. ಕಾನೂನಿನ ಮಿತಿ ದಾಟಿದ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದ 2% ಸಮಾಜಕ್ಕ ಖರ್ಚು ಮಾಡಬೇಕು. ಆ ರೊಕ್ಕ ಪಡೆಯೋ ಸಂಸ್ಥೆಗಳು 2021ರಿಂದ ಕೇಂದ್ರ ಸರ್ಕಾರದಾಗ ನೋಂದಣಿ ಆಗಿರಬೇಕು. ಜನರ ನಂಬಿಕಿ ಗಳಿಸಿದ ಸ್ವಾಮಿಗೆ, ಫಾದರ್‌ಗೆ, ಮೌಲಾನಾಗೆ ಲೆಕ್ಕ ಬಲ್ಲ ಜೊತೆಗಾರ ಬೇಕು. ಅದು ನೀವೇ ಯಾಕ ಆಗಬಾರದು? ಪಗಾರ ತಗೊಂಡೇ ಆಗ್ರಿ.

ಸುಗ್ಗಿ ಮುಗಿದ ಮ್ಯಾಲ ಮನಿಯವರು ತೊಗರಿ ಚೀಲ ಕೊಡೋಕೆ ಹೋದಾಗ ಜೊತಿ ಹೋಗ್ರಿ. ಪಾದ ಮುಟ್ರಿ, ರಸೀದಿನೂ ಕೇಳ್ರಿ. ಒಳ್ಳೆ ಗುರು ಸಿಟ್ಟಾಗಲ್ಲ. 🙏

ನೀವೇನಂತೀರಿ, ಪಗಾರ ಸರೀನೋ ತಪ್ಪೋ? ಕೆಳಗ ಬರೀರಿ 👇

#ದುಡ್ಡಿನಮಾತು #ಸುಲೇಪೇಟ #ಬಿಕಾಂ #ದಾಸೋಹ #ಕಲಬುರಗಿ