ಮತ ಕಳೆದುಕೊಳ್ಳದೆ ಸೋತವರು

2013ರ ವಿಧಾನಸಭಾ ಚುನಾವಣೆಯಲ್ಲಿ ಬಂಟ್ವಾಳದಿಂದ ಗೆದ್ದ ಕಾಂಗ್ರೆಸ್‌ನ ಬಿ. ರಮಾನಾಥ ರೈ ಅವರಿಗೆ ಬಿದ್ದ ಮತ 81,665. ಐದು ವರ್ಷದ ಬಳಿಕ ಅದೇ ಕ್ಷೇತ್ರದಲ್ಲಿ ಅವರು ಸೋತಾಗ ಬಿದ್ದದ್ದು 81,831. ಬೆಳ್ತಂಗಡಿಯ ಕೆ. ವಸಂತ ಬಂಗೇರ ಅವರಿಗೆ ಗೆದ್ದ ವರ್ಷ 74,530 ಮತ, ಸೋತ ವರ್ಷ 75,443. ಮೂಡುಬಿದಿರೆಯ ಕೆ. ಅಭಯಚಂದ್ರ ಜೈನ್ 53,180 ಮತ ಪಡೆದು ಗೆದ್ದಿದ್ದರು, 57,645 ಪಡೆದು ಸೋತರು. ಅಕ್ಕಪಕ್ಕದ ಮೂರು ಕ್ಷೇತ್ರಗಳಲ್ಲಿ ಪಳಗಿದ ಮೂವರು ನಾಯಕರು ಗೆದ್ದ ಸಲಕ್ಕಿಂತ ಹೆಚ್ಚು ಮತ ಪಡೆದೂ ಮನೆಗೆ ಮರಳಿದರು. 2018ರ ಫಲಿತಾಂಶ ಬಂದಂದಿನಿಂದ ಕರಾವಳಿಯಲ್ಲಿ ಕೇಳುತ್ತಿರುವ ಮಾತು 'ಜನ ಕಾಂಗ್ರೆಸ್ಸನ್ನು ಕೈಬಿಟ್ಟರು' ಎಂಬುದು. ಅಂಕಿಗಳು ಹೇಳುವ ಕತೆ ಬೇರೆ. ಕಾಂಗ್ರೆಸ್‌ನ ತಟ್ಟೆ ಹಗುರವಾಗಲಿಲ್ಲ, ಎದುರಿನ ತಟ್ಟೆ ಭಾರವಾಯಿತು. ಬಿಜೆಪಿಯ ಮತ ಬಂಟ್ವಾಳದಲ್ಲಿ 63,815ರಿಂದ 97,802ಕ್ಕೂ, ಬೆಳ್ತಂಗಡಿಯಲ್ಲಿ 58,789ರಿಂದ 98,417ಕ್ಕೂ, ಮೂಡುಬಿದಿರೆಯಲ್ಲಿ 48,630ರಿಂದ 87,444ಕ್ಕೂ ಏರಿತು. ಮತದಾರರ ಪಟ್ಟಿ ಬೆಳೆಯುತ್ತಿರುವಾಗ ನಿಂತಲ್ಲೇ ನಿಂತವನು ಹಿಂದೆ ಬಿದ್ದಂತೆಯೇ ಸರಿ. ಆದರೆ ಹಿಂದೆ ಬಿದ್ದದ್ದಕ್ಕೂ ಬಿಟ್ಟುಹೋದದ್ದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಗಮನಿಸದೆ ಈ ಮೂರು ತಾಲ್ಲೂಕುಗಳ ರಾಜಕೀಯವನ್ನು ಅರ್ಥ ಮಾಡಿಕೊಳ್ಳಲಾಗದು.

ಅಮೆರಿಕದಲ್ಲಿ ಇದೇ ವ್ಯತ್ಯಾಸದ ಮೇಲೆ ದಶಕಗಳ ಚರ್ಚೆ ನಡೆದಿದೆ. ಅಲ್ಲಿನ ರಾಜ್ಯಶಾಸ್ತ್ರಜ್ಞ ವಿ.ಒ. ಕೀ 1955ರಲ್ಲಿ, ಕೆಲವು ಚುನಾವಣೆಗಳು ಪಕ್ಷನಿಷ್ಠೆಯ ಬುಡವನ್ನೇ ಅಲ್ಲಾಡಿಸುತ್ತವೆ ಎಂದು ವಾದಿಸಿದರು. ನಾಲ್ಕೇ ವರ್ಷದಲ್ಲಿ, 1959ರಲ್ಲಿ, ಅವರೇ ಇನ್ನೊಂದು ಮಾತು ಸೇರಿಸಿದರು: ನಿಷ್ಠೆ ಎಷ್ಟೋ ಸಲ ಒಂದು ಚುನಾವಣೆಯಲ್ಲಿ ಮಗುಚುವುದಿಲ್ಲ, ಹಲವು ಚುನಾವಣೆಗಳ ಉದ್ದಕ್ಕೂ ಮೆಲ್ಲಗೆ ಸರಿಯುತ್ತದೆ. 1932ರಲ್ಲಿ ರೂಸ್‌ವೆಲ್ಟ್ ಗೆದ್ದಾಗ ಲಕ್ಷಾಂತರ ರಿಪಬ್ಲಿಕನ್ನರು ಮನಸ್ಸು ಬದಲಿಸಿದರು ಎಂಬುದು ಬಹುಕಾಲದ ನಂಬಿಕೆಯಾಗಿತ್ತು. 1979ರಲ್ಲಿ ಕ್ರಿಸ್ಟಿ ಆಂಡರ್ಸನ್ ಆ ನಂಬಿಕೆಯನ್ನು ಪ್ರಶ್ನಿಸಿದರು. ಡೆಮಾಕ್ರಟಿಕ್ ಬಹುಮತವನ್ನು ಕಟ್ಟಿದವರಲ್ಲಿ ಹೆಚ್ಚಿನವರು ಅದುವರೆಗೆ ಮತಗಟ್ಟೆಯ ಕಡೆಗೇ ಬಾರದಿದ್ದ ವಲಸಿಗರು ಮತ್ತು ಅವರ ಮಕ್ಕಳು ಎಂಬುದು ಅವರ ವಾದ. ಮತದಾರ ಬದಲಾದನೇ, ಮತದಾರರೇ ಬೇರೆಯವರಾದರೇ ಎಂಬ ಈ ಪ್ರಶ್ನೆಯನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಆದದ್ದು ಬಹುಮಟ್ಟಿಗೆ ಎರಡನೆಯದು ಎಂದು ನನ್ನ ಅಭಿಪ್ರಾಯ.

ಮೊದಲು 'ಕೋಟೆ' ಎಂಬ ಪದವನ್ನು ಬದಿಗಿಡಬೇಕು. ಈ ಮೂರೂ ಕಡೆ ಯಾವ ಪಕ್ಷಕ್ಕೂ ಹುಟ್ಟಿನಿಂದ ಬಂದ ಕೋಟೆ ಇರಲಿಲ್ಲ. ಬಂಟ್ವಾಳ 1972ರಲ್ಲಿ ಕಮ್ಯುನಿಸ್ಟ್ ನಾಯಕ ಬಿ.ವಿ. ಕಕ್ಕಿಲ್ಲಾಯರನ್ನು ಗೆಲ್ಲಿಸಿತು, 1983ರಲ್ಲಿ ಬಿಜೆಪಿಯನ್ನು ಆರಿಸಿತು, 1985ರಿಂದ ಸತತ ನಾಲ್ಕು ಬಾರಿ ರಮಾನಾಥ ರೈ ಅವರನ್ನು ಕಳುಹಿಸಿತು, 2004ರಲ್ಲಿ ಅವರನ್ನೇ ಸೋಲಿಸಿ ಬಿಜೆಪಿಯ ನಾಗರಾಜ ಶೆಟ್ಟರನ್ನು ತಂದಿತು, ಮತ್ತೆ 2008ರಲ್ಲಿ ರೈ ಅವರಿಗೇ ಮರಳಿತು. ಮೂಡುಬಿದಿರೆಯಲ್ಲಿ ಜನತಾ ಪರಿವಾರದ ಅಮರನಾಥ ಶೆಟ್ಟರು ಮೂರು ಬಾರಿ ಶಾಸಕರಾದರು, ಮಂತ್ರಿಯೂ ಆದರು. ಅವರ ನಂತರ, ಜೈನರ ಮತ ಬೆರಳೆಣಿಕೆಯಷ್ಟೇ ಇರುವ ಕ್ಷೇತ್ರದಲ್ಲಿ, ಅಭಯಚಂದ್ರ ಜೈನ್ 1999ರಿಂದ 2013ರವರೆಗೆ ನಾಲ್ಕು ಸಲ ಗೆದ್ದರು. ಬೆಳ್ತಂಗಡಿಯದಂತೂ ಇನ್ನೂ ವಿಶಿಷ್ಟ ಚರಿತ್ರೆ. 1985ರಲ್ಲಿ ಇಡೀ ಕರ್ನಾಟಕದಲ್ಲಿ ಬಿಜೆಪಿ ಗೆದ್ದದ್ದು ಎರಡೇ ಸ್ಥಾನ. ಒಂದು ಶಿಕಾರಿಪುರದ ಯಡಿಯೂರಪ್ಪನವರದು, ಇನ್ನೊಂದು ಬೆಳ್ತಂಗಡಿಯ ವಸಂತ ಬಂಗೇರರದು. ಅದೇ ಬಂಗೇರರು 1994ರಲ್ಲಿ ಜನತಾದಳದಿಂದ, 2008 ಮತ್ತು 2013ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ನಡುವೆ 1999 ಮತ್ತು 2004ರಲ್ಲಿ ಅವರ ಸಹೋದರ ಪ್ರಭಾಕರ ಬಂಗೇರರು ಬಿಜೆಪಿ ಶಾಸಕರಾಗಿದ್ದರು. ಒಬ್ಬನೇ ವ್ಯಕ್ತಿಯನ್ನು ಮೂರು ಚಿಹ್ನೆಗಳಡಿ ಐದು ಬಾರಿ ಆರಿಸಿದ ಊರನ್ನು ಯಾವ ಬಣ್ಣದ ಕೋಟೆ ಎನ್ನೋಣ? ಅಲ್ಲಿನ ಮತದಾರರಿಗೆ ಚಿಹ್ನೆಗಿಂತ ಗುರುತು ಪರಿಚಯ ದೊಡ್ಡದಾಗಿತ್ತು.

ಆದರೂ ಕಾಂಗ್ರೆಸ್‌ಗೆ ಇಲ್ಲೊಂದು ತಳ ಇತ್ತು, ಅದರ ಮೂಲ 1974ರ ಭೂಸುಧಾರಣಾ ತಿದ್ದುಪಡಿ. ದೇವರಾಜ ಅರಸು ಸರ್ಕಾರ ಗೇಣಿ ಪದ್ಧತಿಯನ್ನು ತೆಗೆದುಹಾಕಿದಾಗ ರಾಜ್ಯದಲ್ಲಿ ಅದರ ಪರಿಣಾಮ ಅತ್ಯಂತ ಆಳವಾಗಿ ತಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡಕ್ಕೆ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿಯನ್ನು ತಲೆಯ ಮೇಲೆ ಹೊತ್ತು ಧಣಿಯ ಮನೆಯಂಗಳದಲ್ಲಿ ಇಳಿಸುತ್ತಿದ್ದ ಒಕ್ಕಲು, 'ಡಿಕ್ಲರೇಶನ್' ಕೊಟ್ಟು ಭೂನ್ಯಾಯ ಮಂಡಳಿಯ ಮುಂದೆ ನಿಂತ. ಏಳನೇ ನಮೂನೆಯ ಆ ಒಂದು ಅರ್ಜಿಯಿಂದ ಬಿಲ್ಲವ, ಕುಲಾಲ, ಗೌಡ, ಬಂಟ, ಮುಸ್ಲಿಂ, ಕ್ರೈಸ್ತ ಗೇಣಿದಾರರ ಮನೆಗಳಿಗೆ ಪಹಣಿಯಲ್ಲಿ ಹೆಸರು ಬಂತು. ಚಾಲಗೇಣಿಯ ಗದ್ದೆ ಸ್ವಂತದ್ದಾಯಿತು, ಕ್ರಮೇಣ ಅಡಿಕೆ ತೋಟವಾಯಿತು. ಆ ಋಣ ಮತವಾಗಿ ಬಂದುದರಲ್ಲಿ ಆಶ್ಚರ್ಯವೇನಿಲ್ಲ. ಬಂಟ್ವಾಳದಲ್ಲೇ ಮನೆ ಮಾಡಿಕೊಂಡ ಜನಾರ್ದನ ಪೂಜಾರಿಯವರು 1977ರಿಂದ 1989ರವರೆಗೆ ನಾಲ್ಕು ಬಾರಿ ಮಂಗಳೂರಿನಿಂದ ಲೋಕಸಭೆಗೆ ಗೆದ್ದರು, ಸಾಲ ಮೇಳಗಳಿಂದ ಬ್ಯಾಂಕಿನ ಬಾಗಿಲನ್ನು ಬಡವರಿಗೆ ತೆರೆಸಿದರು. ಆದರೆ ಋಣದ ನೆನಪು ಆಸ್ತಿಯಂತೆ ವಾರಸುದಾರರಿಗೆ ಇಳಿಯುವುದಿಲ್ಲ. ಡಿಕ್ಲರೇಶನ್ ಕೊಟ್ಟವನ ಮಗನಿಗೆ ಅದು ಕೇಳಿದ ಕತೆ. ಮೊಮ್ಮಗಳಿಗೆ ತೋಟ ಎಂದಿನಿಂದಲೂ ನಮ್ಮದೇ. ಗೇಣಿಯ ಅಕ್ಕಿ ಅಳೆದವರೆಲ್ಲ ಒಬ್ಬೊಬ್ಬರಾಗಿ ಪಟ್ಟಿಯಿಂದ ಮರೆಯಾದರು, ಅವರ ಜಾಗಕ್ಕೆ ಬಂದವರಿಗೆ ಆ ಪಕ್ಷಕ್ಕೆ ತೀರಿಸಬೇಕಾದ ಬಾಕಿ ಏನೂ ಇರಲಿಲ್ಲ. ಈ ಬದಲಾವಣೆಗೆ ಯಾರೂ ಪಕ್ಷಾಂತರ ಮಾಡಬೇಕಾಗಿಲ್ಲ.

ಲೋಕಸಭೆಯ ಮತದಲ್ಲಿ ಇದು ಬೇಗನೆ ಕಾಣಿಸಿತು. 1991ರಲ್ಲಿ ಮಂಗಳೂರು ಲೋಕಸಭಾ ಸ್ಥಾನ ಬಿಜೆಪಿಯ ಧನಂಜಯ ಕುಮಾರ್ ಪಾಲಾಯಿತು, ಅಲ್ಲಿಂದ ಈಚೆಗೆ ಅದು ಕಾಂಗ್ರೆಸ್‌ಗೆ ಮರಳಿಲ್ಲ. 2008ರ ಕ್ಷೇತ್ರ ಮರುವಿಂಗಡಣೆಯ ಬಳಿಕ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಸೇರಿವೆ. ಹಳೆಯ ಗಡಿಗಳೇ ಬೇರೆಯಾಗಿದ್ದವು, ಹಾಗಾಗಿ ಹೋಲಿಕೆಯನ್ನು ಇಲ್ಲಿಂದಲೇ ಆರಂಭಿಸುವುದು ನ್ಯಾಯ. 2008ರಲ್ಲಿ ಮೂರನ್ನೂ ಕಾಂಗ್ರೆಸ್ ಗೆದ್ದಿತು, ಮರುವರ್ಷ ಇಡೀ ಲೋಕಸಭಾ ಕ್ಷೇತ್ರ ಬಿಜೆಪಿಯ ನಳಿನ್ ಕುಮಾರ್ ಕಟೀಲ್ ಅವರನ್ನು 40,420 ಮತಗಳಿಂದ ಗೆಲ್ಲಿಸಿತು. 2013ರಲ್ಲಿ ಎಂಟರಲ್ಲಿ ಏಳು ಕಾಂಗ್ರೆಸ್‌ಗೆ, ಸುಳ್ಯ ಒಂದೇ ಬಿಜೆಪಿಗೆ. ಮರುವರ್ಷ ಕಟೀಲರ ಅಂತರ 1,43,709. ದಿಲ್ಲಿಗೊಂದು, ಬೆಂಗಳೂರಿಗೊಂದು ಎಂದು ಜನ ಬೇರೆ ಬೇರೆಯಾಗಿ ತೂಗುತ್ತಿದ್ದರು. 2018ರಲ್ಲಿ ಬೆಂಗಳೂರಿನ ಮತವೂ ದಿಲ್ಲಿಯ ಮತದ ಸಾಲಿಗೆ ಬಂದು ನಿಂತಿತು. ಎಂಟರಲ್ಲಿ ಏಳು ಬಿಜೆಪಿಗೆ, ಮೂಡುಬಿದಿರೆಯಲ್ಲಿ ಆ ಪಕ್ಷಕ್ಕೆ ಮೊದಲ ಗೆಲುವು.

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಕಲ್ಲಿದ್ದಲು ಗಣಿ ಕಾರ್ಮಿಕರ ಆ ರಾಜ್ಯಕ್ಕೆ ರೂಸ್‌ವೆಲ್ಟ್ ಕಾಲದಲ್ಲಿ ಸಂಘ ಕಟ್ಟುವ ಹಕ್ಕು ಸಿಕ್ಕಿತ್ತು, ಅಲ್ಲಿಂದ ಡೆಮಾಕ್ರಟಿಕ್ ಪಕ್ಷ ಮನೆಯ ಪಕ್ಷವಾಗಿತ್ತು. 1996ರಲ್ಲಿ ಕ್ಲಿಂಟನ್‌ರನ್ನು ಗೆಲ್ಲಿಸಿದ ರಾಜ್ಯ 2000ದಲ್ಲಿ ರಿಪಬ್ಲಿಕನ್ ಪಕ್ಷದ ಬುಷ್ ಕಡೆ ತಿರುಗಿತು, ಅಧ್ಯಕ್ಷೀಯ ಚುನಾವಣೆಯಲ್ಲಿ ಮತ್ತೆಂದೂ ಹಿಂದಿರುಗಲಿಲ್ಲ. ಆದರೆ ರಾಜ್ಯದ ಶಾಸನಸಭೆ 2014ರ ಚುನಾವಣೆಯವರೆಗೂ ಡೆಮಾಕ್ರಟರ ಕೈಯಲ್ಲೇ ಇತ್ತು. ಮತದಾರರ ನೋಂದಣಿಯಲ್ಲಿ ರಿಪಬ್ಲಿಕನ್ನರು ಮುಂದೆ ಬಂದದ್ದು 2021ರಲ್ಲಿ. ಜೋ ಮ್ಯಾಂಚಿನ್ ಎಂಬ ಡೆಮಾಕ್ರಟಿಕ್ ಸೆನೆಟರ್ 2018ರಲ್ಲಿಯೂ ತಮ್ಮ ಹೆಸರಿನ ಬಲದಿಂದ ಗೆದ್ದರು. 2024ರಲ್ಲಿ ಅವರು ಸ್ಪರ್ಧಿಸಲಿಲ್ಲ, ಸ್ಥಾನ ರಿಪಬ್ಲಿಕನ್ನರಿಗೆ ಹೋಯಿತು. ಮೇಲಿನ ಮತ ತಿರುಗಿ ಕಾಲು ಶತಮಾನ ಕಳೆದ ಮೇಲೆ ಕೆಳಗಿನ ಕೊನೆಯ ಮೆಟ್ಟಿಲೂ ತಿರುಗಿತು. ಕರಾವಳಿಯಲ್ಲಿ 1991ರಿಂದ 2018ರವರೆಗಿನ ಅವಧಿಯೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಎರಡೂ ಕಡೆ ಪರಿಚಿತ ಮುಖಗಳು ಪ್ರವಾಹವನ್ನು ತಡೆಯಲಿಲ್ಲ, ಅದು ತಮ್ಮೂರಿಗೆ ತಲಪುವುದನ್ನು ತಡಮಾಡಿದವು.

ಇದಕ್ಕೆ ಬರುವ ಮೊದಲ ಆಕ್ಷೇಪ, 2018ರ ಫಲಿತಾಂಶಕ್ಕೆ ಇಷ್ಟು ಉದ್ದದ ಇತಿಹಾಸ ಬೇಕಿಲ್ಲ, 2017 ಸಾಕು ಎಂಬುದು. ಆ ವರ್ಷ ಬಂಟ್ವಾಳ ತಾಲ್ಲೂಕು ಬೆಂದದ್ದು ನಿಜ. ಕಲ್ಲಡ್ಕದ ಕೋಮು ಗಲಭೆ, ಬಿ.ಸಿ. ರೋಡಿನ ಹತ್ಯೆ, ವಾರಗಟ್ಟಲೆ ನಿಷೇಧಾಜ್ಞೆ. ಜಿಲ್ಲಾ ಉಸ್ತುವಾರಿ ಸಚಿವರಾಗಿದ್ದ ರೈ ಅವರೇ ಆ ಸಿಟ್ಟಿನ ಗುರಿಯಾದರು. ಅದರ ಪರಿಣಾಮ ಇರಲಿಲ್ಲ ಎಂದರೆ ಕಣ್ಣು ಮುಚ್ಚಿದಂತಾಗುತ್ತದೆ. ಆದರೆ ಗಲಭೆಯೇ ಮುಖ್ಯ ಕಾರಣವಾಗಿದ್ದರೆ ಅದರ ಕೇಂದ್ರವಾದ ಬಂಟ್ವಾಳದಲ್ಲಿ ಹೊಡೆತ ಎಲ್ಲಕ್ಕಿಂತ ದೊಡ್ಡದಾಗಬೇಕಿತ್ತು. ಆದದ್ದು ತಿರುವುಮುರುವು. 2013ರ ಕಾಂಗ್ರೆಸ್ ಮುನ್ನಡೆಯಿಂದ 2018ರ ಬಿಜೆಪಿ ಮುನ್ನಡೆಯವರೆಗೆ ಲೆಕ್ಕ ಹಾಕಿದರೆ ಬಂಟ್ವಾಳ ಸರಿದದ್ದು 33,821 ಮತ, ಮೂಡುಬಿದಿರೆ 34,349, ಬೆಳ್ತಂಗಡಿ 38,715. ಮೂರರಲ್ಲಿ ಅತಿ ಕಡಿಮೆ ಬಂಟ್ವಾಳದ್ದೇ. ಜಾತಿ ಲೆಕ್ಕಾಚಾರವೂ ಇದನ್ನು ವಿವರಿಸುವುದಿಲ್ಲ. ಬಂಟ್ವಾಳದಲ್ಲಿ ಬಂಟರ ಎದುರು ಬಂಟರು, ಬೆಳ್ತಂಗಡಿಯಲ್ಲಿ ಬಿಲ್ಲವರ ಎದುರು ಬಂಟರು, ಮೂಡುಬಿದಿರೆಯಲ್ಲಿ ಜೈನರ ಎದುರು ಬಿಲ್ಲವರು. ಜೋಡಿ ಬೇರೆ ಬೇರೆ, ಫಲಿತಾಂಶ ಒಂದೇ ಅಳತೆಯದು. ಮೂರು ಊರಿನ ಬೇರೆ ಬೇರೆ ಸಂಗತಿಗಳಿಂದ ಒಂದೇ ಗಾತ್ರದ ಬದಲಾವಣೆ ಹುಟ್ಟಿತೆಂದು ನಂಬುವುದು ಕಷ್ಟ. ಕಾರಣ ಊರಿನ ಆಚೆಯದು, ಹಳೆಯದು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಒಟ್ಟು ಸಂಖ್ಯೆ ಕದಲದಿದ್ದ ಮಾತ್ರಕ್ಕೆ ಒಳಗಿನ ಮನುಷ್ಯರು ಕದಲಲಿಲ್ಲ ಎನ್ನುವಂತಿಲ್ಲ. ಒಂದು ಬಾಗಿಲಿನಿಂದ ಹಿಂದೂ ಮತದಾರರು ಹೊರಟು, ಇನ್ನೊಂದು ಬಾಗಿಲಿನಿಂದ ಅಲ್ಪಸಂಖ್ಯಾತ ಮತದಾರರು ಹೆಚ್ಚಾಗಿ ಬಂದಿದ್ದರೂ ಮೊತ್ತ ಅಷ್ಟೇ ಕಾಣುತ್ತದೆ. ಇದು ಸ್ವಲ್ಪಮಟ್ಟಿಗೆ ನಡೆದೇ ಇರಬೇಕು ಎಂದು ನಾನೂ ಒಪ್ಪುತ್ತೇನೆ. ಆದರೆ ಮುಸ್ಲಿಂ ಮತದಾರರ ಪ್ರಮಾಣ ಬಂಟ್ವಾಳದಲ್ಲಿ ಬೆಳ್ತಂಗಡಿಗಿಂತ ಹೆಚ್ಚು. ಹೋದವರನ್ನು ಬಂದವರು ತುಂಬಿಕೊಟ್ಟರು ಎನ್ನುವುದಾದರೆ ಎರಡು ಕಡೆಯ ಕಾಂಗ್ರೆಸ್ ಮೊತ್ತದಲ್ಲಿ ಎದ್ದು ಕಾಣುವ ಅಂತರ ಬರಬೇಕಿತ್ತು. ಬಂಟ್ವಾಳದಲ್ಲಿ 166, ಬೆಳ್ತಂಗಡಿಯಲ್ಲಿ 913 ಮತಗಳ ಏರಿಕೆಯಷ್ಟೇ ಆದದ್ದು. ಮೂಡುಬಿದಿರೆಯಲ್ಲಂತೂ ಬಿಜೆಪಿಯ ಏರಿಕೆಗೆ ಕಣ್ಣಿಗೆ ಕಾಣುವ ಇನ್ನೊಂದು ಮೂಲವಿದೆ: 2013ರಲ್ಲಿ ಜೆಡಿಎಸ್‌ನಿಂದ ನಿಂತ ಅಮರನಾಥ ಶೆಟ್ಟರಿಗೆ ಬಿದ್ದಿದ್ದ ಸುಮಾರು 20 ಸಾವಿರ ಮತ. ಮೂರನೆಯ ಪಕ್ಷ ಕರಗಿದಾಗ ಅದರ ಮನೆಗಳು ಕಾಂಗ್ರೆಸ್ ಕಡೆ ಬರಲಿಲ್ಲ. ಕಾಂಗ್ರೆಸ್ ಸೋತದ್ದು ಹಳಬರನ್ನು ಉಳಿಸಿಕೊಳ್ಳುವಲ್ಲಿ ಅಲ್ಲ, ಹೊಸಬರನ್ನು ಗಳಿಸುವಲ್ಲಿ.

2023 ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ರಾಜ್ಯದಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಾಗಲೂ ಈ ಮೂರು ಕ್ಷೇತ್ರಗಳು ತಿರುಗಲಿಲ್ಲ. ಆದರೆ ಬಂಟ್ವಾಳದಲ್ಲಿ ರೈ ಅವರ ಮತ 85,042ಕ್ಕೆ ಏರಿತು, ಅಂತರ 15,971ರಿಂದ 8,282ಕ್ಕೆ ಇಳಿಯಿತು. ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಕಾಂಗ್ರೆಸ್ ಹೊಸ ಮುಖಗಳನ್ನು ನಿಲ್ಲಿಸಿತು. ರಕ್ಷಿತ್ ಶಿವರಾಂ ಬಂಗೇರರಿಗಿಂತ, ಮಿಥುನ್ ರೈ ಜೈನ್ ಅವರಿಗಿಂತ ಏಳು ಸಾವಿರದಷ್ಟು ಹೆಚ್ಚು ಮತ ಪಡೆದೂ ಸೋತರು. ಹಾಗಾದರೆ ವ್ಯಕ್ತಿಗಳ ಪ್ರಭಾವ ಎಂದು ನಾವು ಹೇಳುತ್ತಿದ್ದುದು ಏನು? ಹಿರಿಯರು ಹಿಡಿದಿಟ್ಟಿದ್ದು ತಮ್ಮ ಪಕ್ಷದ ಮತವನ್ನಲ್ಲ, ಅದು ಅವರಿಲ್ಲದೆಯೂ ಉಳಿಯಿತು. ಲೋಕಸಭೆಗೆ ಕಮಲ ಒತ್ತುವವರಲ್ಲಿ ಒಂದಷ್ಟು ಜನ ವಿಧಾನಸಭೆಯ ದಿನ 'ನಮ್ಮ ಬಂಗೇರರಲ್ಲವೇ', 'ನಮ್ಮ ರೈಗಳಲ್ಲವೇ' ಎಂದು ತಟಸ್ಥರಾಗುತ್ತಿದ್ದರು, ಮನೆಯಲ್ಲೇ ಉಳಿಯುತ್ತಿದ್ದರು. ಆ ದಾಕ್ಷಿಣ್ಯ ಈಗ ಹೋಗಿದೆ. ಕರ್ನಾಟಕದ ಉಳಿದೆಡೆ ದಿಲ್ಲಿಗೊಂದು ಬೆಂಗಳೂರಿಗೊಂದು ಎನ್ನುವ ತೂಕ ಇನ್ನೂ ಇದೆ. 135 ಸ್ಥಾನ ಕೊಟ್ಟ ರಾಜ್ಯ ಮರುವರ್ಷ ಲೋಕಸಭೆಯಲ್ಲಿ ಕಾಂಗ್ರೆಸ್‌ಗೆ ಕೊಟ್ಟದ್ದು 28ರಲ್ಲಿ 9. ಈ ಮೂರು ತಾಲ್ಲೂಕುಗಳು ಮಾತ್ರ ಆ ಅಭ್ಯಾಸದಿಂದ ಹೊರಬಂದಿವೆ.

ಇದರ ನಷ್ಟ ಸೋತ ಪಕ್ಷದ್ದು ಮಾತ್ರವಲ್ಲ, ಊರಿನದು. ನನಗೆ ಚಿಂತೆ ಹುಟ್ಟಿಸುವುದು ಇದೇ. ಎರಡು ಕಡೆಯೂ ಮತ ಮೊದಲೇ ಎಣಿಕೆಯಾಗಿದ್ದರೆ ಬಿ.ಸಿ. ರೋಡ್–ಅಡ್ಡಹೊಳೆ ಹೆದ್ದಾರಿ ವರ್ಷಗಟ್ಟಲೆ ಕುಂಟಿದ್ದನ್ನು, ಮಳೆಗಾಲದಲ್ಲಿ ಕಲ್ಲಡ್ಕದ ಕೆಸರಿನಲ್ಲಿ ಬಸ್ಸು ಹೂತು ನಿಂತದ್ದನ್ನು, ಬೀಡಿ ಬ್ರಾಂಚಿಗೆ ಹೋಗುವ ಹೆಂಗಸರ ಕೆಲಸ ಕಡಿಮೆಯಾದದ್ದನ್ನು, ಬೆಳ್ತಂಗಡಿಯ ತೋಟಕ್ಕೆ ಆನೆ ಇಳಿಯುವುದನ್ನು ಯಾರಿಗೆ ಹೇಳಿ ಹೆದರಿಸುವುದು? ಸ್ಪರ್ಧೆ ಮತಗಟ್ಟೆಯಿಂದ ಟಿಕೆಟ್ ಹಂಚಿಕೆಗೆ ಸರಿಯುತ್ತದೆ. ನೆರೆಯ ಪುತ್ತೂರಿನಲ್ಲಿ 2023ರಲ್ಲಿ ಕಂಡದ್ದು ಅದನ್ನೇ: ಬಿಜೆಪಿ ಟಿಕೆಟ್ ಸಿಗದ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ಎರಡನೇ ಸ್ಥಾನಕ್ಕೆ ಬಂದರು, ಬಿಜೆಪಿ ಮೂರನೆಯದಾಯಿತು, ಕಾಂಗ್ರೆಸ್ ಗೆದ್ದಿತು. ದಕ್ಷಿಣ ಕನ್ನಡದಲ್ಲಿ ಬಿಜೆಪಿಯ ಲೋಕಸಭಾ ಅಂತರವೂ 2019ರ 2,74,621ರಿಂದ 2024ರಲ್ಲಿ 1,49,208ಕ್ಕೆ ಇಳಿದಿದೆ. ಹಾಗಾಗಿ ಗಂಟು ಬಿಗಿದಿದೆ, ಆದರೆ ಬಿಚ್ಚಲಾರದ್ದೇನಲ್ಲ.

ಬಿಚ್ಚುವ ಬೆರಳುಗಳು ಬೆಳೆಯುತ್ತಿದ್ದುದು ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳಲ್ಲಿ. ಚಿಹ್ನೆ ನೋಡದೆ ಮುಖ ನೋಡಿ ಮತ ಹಾಕುವ ಅಭ್ಯಾಸ ಹುಟ್ಟುವುದು, ಮುಂದೊಂದು ದಿನ ವಿಧಾನಸಭೆಗೆ ನಿಲ್ಲಬಲ್ಲವರು ಹಳ್ಳಿ ಹಳ್ಳಿಯ ಪರಿಚಯ ಗಳಿಸುವುದು ಅಲ್ಲಿ. ಅವುಗಳ ಅವಧಿ 2021ರಲ್ಲಿ ಮುಗಿಯಿತು, ಬಳಿಕ ಚುನಾವಣೆ ನಡೆಯದೆ ವರ್ಷಗಳೇ ಉರುಳಿದವು. ಮುಂದಿನ ವಿಧಾನಸಭಾ ಚುನಾವಣೆ ಬರುವುದು 2028ರಲ್ಲಿ. ಆಗ ಮೊದಲ ಸಲ ಬೆರಳಿಗೆ ಶಾಯಿ ಹಾಕಿಸಿಕೊಳ್ಳುವವರು 2010ರ ಆಸುಪಾಸಿನಲ್ಲಿ ಹುಟ್ಟಿದವರು. ಏಳನೇ ನಮೂನೆಯ ಅರ್ಜಿ ಅವರ ಮುತ್ತಜ್ಜನ ಕಾಲದ್ದು. ಬಂಗೇರರು 2024ರ ಮೇಯಲ್ಲಿ, ಅಮರನಾಥ ಶೆಟ್ಟರು 2020ರ ಜನವರಿಯಲ್ಲಿ ತೀರಿಕೊಂಡರು. ತಮ್ಮ ಊರಿನ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು ಎಂದು ಕೇಳಿದರೆ ಹೇಳಲು ಆ ಮಕ್ಕಳಿಗೆ ಒಂದು ಹೆಸರೂ ಇಲ್ಲ.